ಎಣಿಸಿದ ಹಡಗುಗಳು

ಬಂದರಿನಲ್ಲಿ ಅವನ ಅಡ್ಡಹೆಸರು ‘ಅರ್ಧ ಸೆಂಟಿಮೀಟರ್’. ಎದುರಿಗೆ ಮಾತ್ರ ‘ಸರ್ವೇಯರ್ ಸಾರ್’. ಕಲ್ಲಿದ್ದಲು, ಗೋಧಿ, ಅದಿರು ಹೊತ್ತು ಬರುವ ಹಡಗನ್ನು ತಕ್ಕಡಿಯಲ್ಲಿಟ್ಟು ತೂಗಲು ಆಗುತ್ತದೆಯೇ? ಅದು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ನೋಡಬೇಕು. ಮುಂದೆ, ನಡುವೆ, ಹಿಂದೆ, ಎರಡೂ ಮಗ್ಗುಲಲ್ಲಿ ಬರೆದಿರುವ ಅಂಕಿಗಳನ್ನು ಸಣ್ಣ ದೋಣಿಯಲ್ಲಿ ಸುತ್ತು ಹಾಕಿ ಓದಬೇಕು. ಸರಕು ಇಳಿಸಿದ ಮೇಲೆ ಮತ್ತೆ ಓದಬೇಕು. ಎರಡರ ವ್ಯತ್ಯಾಸದಿಂದ ತೂಕ ಸಿಗುತ್ತದೆ. ಇಪ್ಪತ್ತೆಂಟು ವರ್ಷ ಅವನು ಮಾಡಿದ್ದು ಇದೊಂದೇ ಕೆಲಸ. ಅರ್ಧ ಸೆಂಟಿಮೀಟರಿಗಾಗಿ ಕ್ಯಾಪ್ಟನ್ನರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಅವರು ಸಿಗರೇಟಿನ ಪೊಟ್ಟಣ ಚಾಚಿದರೆ ಮುಟ್ಟುತ್ತಿರಲಿಲ್ಲ. ಪ್ರಾಮಾಣಿಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏನು ಬಂತು? ಅವನು ಎಡವಿದಾಗ ಪೆಟ್ಟು ಬಿದ್ದದ್ದು ಅವನಿಗಲ್ಲ, ಅವನ ಅಕ್ಕನಿಗೆ.

ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟು, ಮದುವೆಗಿದುವೆ ಎನ್ನದೆ ತಮ್ಮನನ್ನು ಓದಿಸಿದವಳು. ಜೀವಮಾನದಲ್ಲಿ ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದವಳು. ಕಣ್ಣು ಮಂಜಾದ ಮೇಲೆ ಅಂಗಡಿ ಮಾರಿದಳು. ಈಗಿರುವ ಎರಡು ಕೋಣೆಯ ಮನೆಯನ್ನು ಅವಳಿಗೇ ಮಾರಲು ಮಾಲೀಕ ಒಪ್ಪಿದ್ದ. ಅವನ ಕಾಗದಪತ್ರ ಸರಿಯಾಗಲು ಒಂದೂವರೆ ವರ್ಷ ಬೇಕಿತ್ತು. ಅಲ್ಲಿಯವರೆಗೆ ಅಂಗಡಿ ಮಾರಿದ ಹಣ ತಮ್ಮನ ಹತ್ತಿರವೇ ಇರಲಿ ಎಂದಳು.

ತಮ್ಮನಿಗೆ ಆಗಲೇ ಹಡಗಿನ ಷೇರಿನ ಹುಚ್ಚು ಹತ್ತಿತ್ತು. ಹಿಂದಿನ ವರ್ಷ ತುಂಬಿದ ಹಡಗುಗಳು ದಡದಲ್ಲಿ ಜಾಗ ಸಿಗದೆ ವಾರಗಟ್ಟಲೆ ಸಮುದ್ರದಲ್ಲಿ ಸಾಲು ನಿಂತಿದ್ದವು. ಅಷ್ಟು ಹಡಗು ಕಾಯುತ್ತ ನಿಂತರೆ ಉಳಿದವಕ್ಕೆ ಬೇಡಿಕೆಯೋ ಬೇಡಿಕೆ. ಬಾಡಿಗೆ ಆಕಾಶಕ್ಕೆ ಏರಿತು. ಮೂವತ್ತು ಹಡಗಿದ್ದ ಒಂದು ಕಂಪನಿಯ ಷೇರಿಗೆ ಅವನು ತನ್ನ ಉಳಿತಾಯ ಹಾಕಿದ್ದು ದುಪ್ಪಟ್ಟಾಯಿತು. ಅಷ್ಟಕ್ಕೇ ಅಯ್ಯನಿಗೆ ಕೊಂಬು ಬಂತು.

“ಪೇಪರಿನವರು ಬರೆಯೋಕೆ ಮುಂಚೆ ನನಗೆ ಗೊತ್ತಾಗುತ್ತೆ ಅಕ್ಕ. ಆಫೀಸಿನ ಮೆಟ್ಟಿಲ ಹತ್ರ ಕಿಟಕಿ ಇದೆಯಲ್ಲ, ಅಲ್ಲಿ ನಿಂತು ಎಣಿಸಿದ್ರೆ ಮುಗೀತು. ಸಾಲು ಬೆಳೆದ್ರೆ ಬಾಡಿಗೆ ಏರುತ್ತೆ, ಷೇರೂ ಏರುತ್ತೆ.”

“ನನಗೇನು ತಿಳಿಯುತ್ತಪ್ಪ? ದಿನಾ ಹಡಗು ನೋಡೋನು ನೀನು,” ಎಂದಳು ಅಕ್ಕ. ಅವಳ ಹಣದಲ್ಲಿ ಅರ್ಧ ಅಲ್ಲಿಗೆ ಹೋಯಿತು.

ಷೇರು ಇಳಿಯತೊಡಗಿತು. ಕಿಟಕಿಯಲ್ಲಿ ನಿಂತು ಎಣಿಸಿದ. ಇಪ್ಪತ್ತಾರು. ಮುಂದಿನ ವಾರ ಮೂವತ್ತಮೂರು. ಆಮೇಲೆ ನಲವತ್ತೊಂದು. ‘ಸಾಲು ಬೆಳೀತಿದೆ, ಪೇಟೆಯ ಪೆದ್ದರಿಗೆ ಗೊತ್ತಿಲ್ಲ’ ಎಂದು ಒಳಗೊಳಗೇ ಹಿಗ್ಗಿದ. ಅಗ್ಗಕ್ಕೆ ಸಿಗುತ್ತಿದೆ ಎಂದು ಉಳಿದರ್ಧವನ್ನೂ ಸುರಿದ.

ಒಂದು ಬೆಳಿಗ್ಗೆ ದೋಣಿಯವನು ಅವನನ್ನು ಕೂರಿಸಿಕೊಂಡು ಆ ಸಾಲಿನ ನಡುವೆ ಹಾದ. ಸರ್ವೇಯರ್ ಎಂದಿನಂತೆ ತಲೆ ತಗ್ಗಿಸಿ ತನ್ನ ಪಟ್ಟಿ ನೋಡುತ್ತಿದ್ದ.

“ಇವಕ್ಕೆ ಯಾವಾಗ ಸಾರ್ ಮುಕ್ತಿ?” ಎಂದ ದೋಣಿಯವನು. “ಒಂದೂವರೆ ತಿಂಗಳಾಯ್ತು, ಬಿದ್ದಲ್ಲೇ ಬಿದ್ದಿವೆ.”

“ದಡ ಖಾಲಿ ಆಗ್ಬೇಕಲ್ಲ.”

“ದಡಕ್ಕೆ ಬಂದು ಏನು ಇಳಿಸ್ತಾವೆ ಸಾರ್? ಹೊಟ್ಟೇಲಿ ಏನೂ ಇಲ್ಲ. ಕೆಲಸ ಇಲ್ದೆ ಇಲ್ಲಿ ತಂದು ನಿಲ್ಲಿಸಿದಾರೆ. ನಿಮಗೆ ನಾನು ಹೇಳ್ಬೇಕಾ?”

ಅವನು ತಲೆ ಎತ್ತಿದ. ಸುತ್ತಲೂ ಹಡಗಿನ ಹೊಟ್ಟೆಯ ಕೆಂಪು ಬಣ್ಣ ನೀರಿನಿಂದ ಆಳುದ್ದ ಮೇಲೆದ್ದು ನಿಂತಿತ್ತು, ಹಿಂದುಗಡೆ ಪ್ರೊಪೆಲ್ಲರಿನ ರೆಕ್ಕೆ ಗಾಳಿಗೆ ಒಣಗುತ್ತಿತ್ತು. ನೀರಿನಡಿ ಇರಬೇಕಾದ ಅಂಕಿಗಳೆಲ್ಲ ಹೊರಗಿದ್ದವು. ಒಂದಾದರೂ ತುಂಬಿದ ಹಡಗು? ಊಹೂಂ. ಥೂ, ಇಪ್ಪತ್ತೆಂಟು ವರ್ಷ ಮುಳುಗಿದ್ದನ್ನು ಓದಿಯೇ ಅನ್ನ ತಿಂದವನು ಕುರಿ ಎಣಿಸಿದಂತೆ ತಲೆ ಎಣಿಸಿದ್ದ! ಸಂಬಳ ಕೊಡುವ ಹಡಗನ್ನು ಅರ್ಧ ಸೆಂಟಿಮೀಟರಿನವರೆಗೆ ಓದಿದ, ಅಕ್ಕನ ಮನೆ ಯಾವುದರ ಮೇಲೆ ನಿಂತಿತ್ತೋ ಆ ಹಡಗುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆಟ್ಟ ಕೋಪ ಬರುತ್ತದೆ, ಏನು ಮಾಡುವುದು.

ಮರುದಿನವೇ ಮಾರಿದ. ಬಂದದ್ದು ಹಾಕಿದ್ದರಲ್ಲಿ ಐದನೇ ಒಂದು ಪಾಲು.

ಅಕ್ಕನ ಮನೆಗೆ ಹೋದಾಗ ಅವಳು ಗೋಡೆ ಸವರಿಕೊಂಡು ನಿಂತಿದ್ದಳು. “ಇಲ್ಲೊಂದು ಮೊಳೆ ಹೊಡಿಯೋ. ಇಷ್ಟು ವರ್ಷ ಮಾಲೀಕರನ್ನ ಕೇಳದೆ ಒಂದು ಮೊಳೆ ಹೊಡೆದವಳಲ್ಲ ನಾನು. ಗುರುವಾರ ರಿಜಿಸ್ಟ್ರಿ ಅಂದಿದಾರೆ.”

ಅವನು ನಿಂತಲ್ಲೇ ಹೇಳಿಬಿಟ್ಟ. ಹಡಗಿನ ಬಾಡಿಗೆ ಹೇಗೆ ಕುಸಿಯಿತು, ಎಲ್ಲೆಲ್ಲಿ ಕಾರ್ಖಾನೆ ಮುಚ್ಚಿದವು, ಕಲ್ಲಿದ್ದಲು ಯಾಕೆ ಯಾರಿಗೂ ಬೇಡವಾಯಿತು, ಎಲ್ಲ ಹೇಳಿದ. ಅಕ್ಕ ಕುರ್ಚಿ ತಡವಿ ಕೂತಳು.

“ನೀನೂ ಹಾಕಿದ್ಯಲ್ಲ,” ಎಂದಳು ಕೊನೆಗೆ. “ನಿಂದೂ ಹೋಯ್ತೇನೋ ಪಾಪ?”

ಅಲ್ಲೊಂದು ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

“ನಂದು ಡಬಲ್ ಆದ ತಕ್ಷಣ ತೆಗೆದುಬಿಟ್ಟಿದ್ದೆ.”

“ಯಾಕೆ?”

“ಭಯ ಆಯ್ತು ಅಕ್ಕ.”

“ನಂದು ಹಾಕುವಾಗ ಆಗ್ಲಿಲ್ವಾ?”

“ನಮ್ಮನೆಗೆ ಬಂದುಬಿಡು ಅಕ್ಕ. ಮೇಲೆ ಹೊಸ ಕೋಣೆ ಇದೆ, ನಿನಗೇ ಅಂತ ಕೊಡ್ತೀನಿ.”

“ಆ ಕೋಣೆ ಕಟ್ಟಿಸಿದ್ದು ಯಾವ ದುಡ್ಡಲ್ಲಿ?”

ಅವಳು ಎರಡನೇ ಸಲ ಕೇಳಲಿಲ್ಲ. ಉಳಿದ ಹಣ ಮೇಜಿನ ಮೇಲಿಟ್ಟು ಹೊರಡು ಎಂದಳು, ಅಷ್ಟೇ.

ತಿಂಗಳ ಕೊನೆಗೆ ಅವಳು ಮನೆ ಬದಲಾಯಿಸಿದಳು. ಸಾಮಾನು ಸಾಗಿಸಲು ಬರುತ್ತೇನೆ ಎಂದು ಇವನು ಮೂರು ಸಲ ಫೋನ್ ಮಾಡಿದ್ದ. ಹೊಸ ತಿಂಗಳ ನಾಲ್ಕನೇ ದಿನ ಹೋಗಿ ನೋಡಿದರೆ ಒಳಗೆ ಬೇರೆ ಸಂಸಾರ. ಅಕ್ಕನ ಹೊಸ ವಿಳಾಸವನ್ನು ಅವನು ಮಾಲೀಕನ ಹತ್ತಿರ ಕೇಳಬೇಕಾಯಿತು. ತಮ್ಮನಿಗೆ ಕೊಡಬೇಡಿ ಎಂದು ಹೇಳಿ ಹೋಗಿದ್ದಾರೆ ಎಂದ ಮಾಲೀಕ.