ಕಟ್ಟಾಯದ ಜಾನಪ್ಪ

ಬೆಳಿಗ್ಗೆ ಆಲ್ಬಮ್ ತೆರೆದರೆ ಗಮ್ಮೆಂದು ಸಾಂಬ್ರಾಣಿ ವಾಸನೆ! ಬ್ರಿಟಿಷ್ ಸಿಪಾಯಿಗಳ ಆಲ್ಬಮಿಗೆ ಸಾಂಬ್ರಾಣಿ ಎಲ್ಲಿಂದ ಬಂತು ಅಂತೀರಾ? ಕೂತುಕೊಳ್ಳಿ, ಹೇಳುತ್ತೇನೆ.

ನನಗೊಂದು ಹುಚ್ಚಿದೆ. ನಾಣ್ಯ, ಸ್ಟಾಂಪು ಕೂಡಿಡುವವರನ್ನು ನೀವು ನೋಡಿರುತ್ತೀರಿ. ನಾನು ಕೂಡಿಡುವುದು ವಿಕ್ಟೋರಿಯಾ ರಾಣಿಯ ಕಾಲದ ಬಿಳಿ ಸಿಪಾಯಿಗಳ ಫೋಟೋ. ಅಂಗೈಯಗಲದ ದಪ್ಪ ರಟ್ಟಿಗೆ ಅಂಟಿಸಿದ, ಕಂದುಬಣ್ಣಕ್ಕೆ ತಿರುಗಿದ ಮುಖಗಳು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎನ್ನದೆ ಗುಜರಿ ಅಂಗಡಿಗಳಲ್ಲಿ ಮೂಗು ತೂರಿಸಿ ತಂದವು. ಭೂತಗನ್ನಡಿ ಹಿಡಿದು ಅವರ ಗುಂಡಿ, ಪಟ್ಟಿ, ಮೀಸೆಯ ತಿರುವು ನೋಡುತ್ತ ಕೂತರೆ ಊಟದ ನೆನಪಿರುವುದಿಲ್ಲ. "ನಿಮ್ಮ ಮುತ್ತಾತನ ಹೆಸರು ಕೇಳಿದ್ರೆ ತಡವರಿಸ್ತೀರಿ, ಈ ಕೆಂಪು ಮೂತಿಯೋರ ಪಲ್ಟಣ ಮಾತ್ರ ಬಾಯಿಪಾಠ" ಎಂದು ಹೆಂಡತಿಯ ಆಕ್ಷೇಪ. ಅವಳು ಒಂದು ದಿನವೂ ಆ ಆಲ್ಬಮ್ ಮುಟ್ಟಿದವಳಲ್ಲ.

ಹೋದ ವರ್ಷ, ಹಾಸನದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಗೆಳೆಯ ಫೋನ್ ಮಾಡಿದ. "ಸಾ, ಕಟ್ಟಾಯದ ಒಂದ್ ಮನೇಲಿ ನಿಮ್ಮೋನೊಬ್ಬ ಅವ್ನೆ! ಗಾಜು ಒಡ್ದೋಗಿತ್ತು, ನಾನೇ ಆಕ್ಕೊಟ್ಟೆ."

ಅಂಗಿಯ ಗುಂಡಿ ಮೇಲೆಕೆಳಗಾದದ್ದೂ ತಿಳಿಯದೆ ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಆ ಮನೆಯ ಹಿರಿಯರಾದ ಪುಟ್ಟಮ್ಮಜ್ಜಿ. ನಡುಮನೆಯ ಗೋಡೆಯ ಮೇಲೆ, ತೀರಿಕೊಂಡವರ ಪಟಗಳ ಸಾಲಿನಲ್ಲಿ, ಗಾಜಿನ ಮೇಲೆ ಕುಂಕುಮ ಇಡಿಸಿಕೊಂಡು ನಿಂತಿದ್ದ ಅವನು! ಎಳೆಯ ಮುಖ, ಬಿಗಿದ ಕೊರಳಪಟ್ಟಿ, ಕಂಕುಳಲ್ಲಿ ಟೋಪಿ.

"ಇದನ್ನ ನಂಗೆ ಕೊಡ್ತೀರಾ ಅಜ್ಜಿ?" ಕುಶಲ ಕೇಳುವ ಮೊದಲೇ ಬಾಯಿಂದ ಬಂದುಬಿಟ್ಟಿತು.

"ಜಾನಪ್ಪನ್ನಾ? ಮನೆ ಇರೀಕನ್ನ ಯಾರಾರ ಕೊಟ್ಟಾರಾ?" ಅಜ್ಜಿ ನಕ್ಕರು. "ಮಡಿಕೇರಿ ಕಡೀಕ್ ಓಯ್ತಿದ್ದ ದಂಡಿನೋನಂತೆ. ಜರ ಬಂದು ನಮ್ ಜಗಲಿ ಮ್ಯಾಲೆ ಬಿದ್ಕಂಡ. ನಮ್ ಮಾವಯ್ಯನ ತಾತ ಗಂಜಿ ಕುಡಿಸ್ದ್ರಂತೆ, ಉಳೀನಿಲ್ಲ. ಜೇಬಲ್ಲಿ ಈ ಪಟ ಇತ್ತು. ಅವ್ರವ್ವ ಅಪ್ಪ ಯಾರಾರ ಬಂದ್ರೆ ತೋರಿಸಾನ ಅಂತ ಮಡಿಕ್ಕಂಡ್ರು. ಯಾರೂ ಬರ್ನಿಲ್ಲ. ಅದ್ಕೇ ಪಕ್ಸದಲ್ಲಿ ಅವ್ನಿಗೂ ಒಂದ್ ಎಡೆ ಇಕ್ತೀವಿ ಕಣಪ್ಪ."

ಅವನ ಪಲ್ಟಣ ಯಾವುದೆಂದು ನೋಡುವುದನ್ನೂ ಮರೆತೆ.

"ಗಾಜು ಆಕ್ದೋನು ಯೋಳ್ದ, ನಿಮ್ ತಾವ ಇಂತೋರು ಇನ್ನೂ ಅವ್ರಂತೆ? ಅವ್ರಿಗ್ ಯಾರ್ ಇಕ್ತಾರೆ?"

"ಯಾರೂ ಇಲ್ಲ ಅಜ್ಜಿ."

"ಅಂಗಾರೆ ಪಕ್ಸಕ್ಕೆ ಕರ್ಕಂಡ್ ಬನ್ನಿ."

ಆಗ ಪಿತೃಪಕ್ಷ ಕಳೆದುಹೋಗಿತ್ತು. ವರ್ಷವಿಡೀ ಕಾದು, ನಿನ್ನೆ ಮಹಾಲಯ ಅಮಾವಾಸ್ಯೆಗೆ ಕರೆದುಕೊಂಡು ಹೋದೆ. ಏನನ್ನಿಸಿತೋ, ಹೆಂಡತಿಯೂ ಹೊರಟಳು. ಅಜ್ಜಿ ನನ್ನ ಸಿಪಾಯಿಗಳನ್ನೆಲ್ಲ ಮಣೆಗಳ ಮೇಲೆ ಜಾನಪ್ಪನ ಪಕ್ಕಕ್ಕೆ ಸಾಲಾಗಿ ಕೂರಿಸಿದರು. ಎಲೆ ತುಂಬ ಮುದ್ದೆ, ಬಾಡಿನ ಸಾರು, ವಡೆ. ಪಕ್ಕದಲ್ಲಿ ಲೋಟದಲ್ಲಿ ಬ್ರಾಂದಿ. ಸಾಂಬ್ರಾಣಿಯ ಹೊಗೆಯಲ್ಲಿ ಅಜ್ಜಿ ಒಬ್ಬೊಬ್ಬನ ಮುಖವನ್ನೂ ಬಗ್ಗಿ ನೋಡುತ್ತ ಬಂದವರು ಒಂದು ಕಡೆ ನಿಂತರು.

"ಇವ್ನಿಗಿನ್ನೂ ಮೀಸೇನೇ ಬಂದಿಲ್ವಲ್ಲ! ಇವ್ನ ಮುಂದ್ಲ ಬ್ರಾಂದಿ ಎತ್ತವ್ವ, ಪಾಯ್ಸ ಇಕ್ಕು."

ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಸೌಟು ಹಿಡಿದಳು.

ಈಗ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲೇ ಕೂತಿದ್ದಾಳೆ.

"ಆ ಪಾಯಸದ ಹುಡುಗ ಯಾವ ಪುಟದಲ್ಲಿದ್ದಾನೆ? ನಿನ್ನೆ ಹೊಗೇಲಿ ಮುಖ ಸರಿಯಾಗಿ ಕಾಣ್ಲಿಲ್ಲ."