ಮಾತಾಡದ ಬಾಯಿಯ ಉಗುಳು

ನಮ್ಮ ಓಣಿಯಲ್ಲಿ ಯಾರಿಗಾದರೂ ಕಣ್ಣಿನ ರೆಪ್ಪೆಗೆ ಕುರು ಎದ್ದರೆ, ಮಕ್ಕಳ ಕೆನ್ನೆಗೆ ಗಜಕರ್ಣ ಬಂದರೆ, ಬೆಳಕು ಹರಿಯುವಾಗ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಎದ್ದು, ಬಾಯಿ ಮುಕ್ಕಳಿಸದೆ, ಯಾರ ಜೊತೆಗೂ ಒಂದು ಮಾತೂ ಆಡದೆ ಬಾಗಿಲು ತೆಗೆದು, ಬಲಗೈಯ ಉಂಗುರಬೆರಳನ್ನು ನಾಲಿಗೆಗೆ ಒತ್ತಿ, ನೋವಿನ ಸುತ್ತ ಮೂರು ಸಲ ಸವರುತ್ತಿದ್ದೆ. ಬಂದವರೂ ಮಾತಾಡಬಾರದು. ತಿರುಗಿ ನೋಡದೆ ಹೋಗಬೇಕು. ಹೀಗೆ ಏಳು ದಿನ. ಇದನ್ನು ನನ್ನ ಅತ್ತೆ ಮಾಡುತ್ತಿದ್ದಳು. ಅವಳು ಸತ್ತ ಮೇಲೆ ಜನ ಬರುವುದನ್ನು ಬಿಡಲಿಲ್ಲ, ನಾನು ಬಾಗಿಲು ತೆಗೆದೆ. ಅಷ್ಟೇ. ನನಗೆ ಯಾವ ದೇವರೂ ಕನಸಿನಲ್ಲಿ ಬಂದು ಹೇಳಿರಲಿಲ್ಲ.

ಏಳು ದಿನಕ್ಕೆ ಕುರು ತಾನಾಗಿಯೇ ಒಡೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಬಂದವರಿಗೆ ಅದನ್ನು ಹೇಳಬೇಕೆಂದರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಔಷಧ ಕೆಡುತ್ತದೆ. ಹಾಗಾಗಿ ಹೇಳಲಿಲ್ಲ.

ಉಗುಳಿನ ವಿಷಯದಲ್ಲಿ ನಮ್ಮ ಜನರ ಲೆಕ್ಕ ನನಗೆ ಎಂದೂ ಪೂರ್ತಿ ತಿಳಿದಿಲ್ಲ. ತಂಬಿಗೆಗೆ ತುಟಿ ತಾಗಿದರೆ ಎಂಜಲು ಎಂದು ಎತ್ತಿ ಕುಡಿಯುತ್ತಾರೆ. ಇನ್ನೊಬ್ಬರು ಕಚ್ಚಿದ ರೊಟ್ಟಿ ಮುಟ್ಟುವುದಿಲ್ಲ. ಜಗಳದಲ್ಲಿ ಮುಖಕ್ಕೆ ಉಗುಳಿದರೆ ಎರಡು ಮನೆಗಳು ಮೂರು ತಲೆಮಾರು ಮಾತು ಬಿಡುತ್ತವೆ. ಅದೇ ಜನ ಕೂಸಿಗೆ ದೃಷ್ಟಿಯಾಗಬಾರದೆಂದು ಮೂರು ಸಲ ಥೂ ಎನ್ನುತ್ತಾರೆ, ಬೆಳಗಾದರೆ ನನ್ನ ಉಗುಳಿಗೆ ಕಣ್ಣು ಒಡ್ಡುತ್ತಾರೆ. ನಾನು ಸಾಲೆಗೆ ಹೋದದ್ದು ಎರಡು ವರ್ಷ. ಅಲ್ಲಿ ಕಲಿತದ್ದರಲ್ಲಿ ಗಟ್ಟಿಯಾಗಿ ನೆನಪಿರುವುದು, ಪಾಟಿಯನ್ನು ಉಗುಳು ಹಚ್ಚಿ ಒರೆಸಿದ್ದಕ್ಕೆ ಗುರುಗಳು ಕೊಟ್ಟ ಏಟು. ಪಾಟಿ ಎಂದರೆ ಸರಸ್ವತಿ, ಎಂಜಲು ಮಾಡಬಾರದು ಎಂದರು. ಮನೆಗೆ ಬಂದರೆ ಅವ್ವ ಏಟಿನ ಬಾಸುಂಡೆಗೆ ಉಗುಳನ್ನೇ ಹಚ್ಚಿದಳು.

ಮಗ್ಗದ ಮೇಲಂತೂ ಉಗುಳಿಲ್ಲದೆ ಕೈ ಸಾಗುವುದಿಲ್ಲ. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಎಳೆಯ ತುದಿ ಬಿಚ್ಚಿಕೊಂಡು ನಿಂತಿರುತ್ತದೆ. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹೊಸೆದರೆ ಕೂಡಿಕೊಳ್ಳುತ್ತದೆ. ಮದುವೆಗೆ, ಸೀಮಂತಕ್ಕೆ, ದೇವಿಗೆ ಉಡಿ ತುಂಬಲು ನಮ್ಮ ಸೀರೆ ಒಯ್ಯುತ್ತಾರೆ. ಅದರಲ್ಲಿ ಎಷ್ಟು ನೇಕಾರರ ಎಂಜಲಿದೆ ಎಂದು ಯಾರೂ ಕೇಳಿಲ್ಲ. ನಾವೂ ಹೇಳಿಲ್ಲ.

ನಾಲ್ಕು ಎಳೆ ಹರಿದರೆ ನನಗೆ ಸಿಟ್ಟು ಬರುತ್ತದೆ. ಗಾಳಿ ಬಿಟ್ಟರೆ ಎಳೆ ಒಣಗಿ ಹರಿಯುತ್ತದೆಂದು ಮಗ್ಗದ ಕೋಣೆಯ ಕಿಟಕಿಯನ್ನು ನಾನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದೆ. ಮೊಮ್ಮಗಳು ಅದೇ ಕೋಣೆಯಲ್ಲಿ ನನ್ನ ಪಕ್ಕಕ್ಕೆ ಕೂತು ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಉರುಳಿಸುತ್ತ ದಿನ ಕಳೆಯುತ್ತಿದ್ದಳು. ಅವಳಿಗೆ ಆಗ ಎರಡು ವರ್ಷ ತುಂಬಿತ್ತು. ಅವಳ ಅಪ್ಪ, ಅಂದರೆ ನನ್ನ ಮಗ, ಕಲ್ಲು ಪಾಲಿಶ್ ಮಾಡುವಲ್ಲಿಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಸೊಸೆಗೆ ಅಡುಗೆ, ನೀರು, ಹೊಲಿಗೆ ಮಷಿನು. ಹಾಗಾಗಿ ಕೂಸು ನನ್ನ ಹತ್ತಿರ.

ಮಳೆಗಾಲ ಮುಗಿಯುವಾಗ ಕೂಸಿನ ಕೆನ್ನೆಗೆ ದುಂಡಗೆ ಗಜಕರ್ಣ ಎದ್ದಿತು. ಮನೆಯಲ್ಲೇ ಔಷಧ ಇರುವಾಗ ಇನ್ನೆಲ್ಲಿಗೆ ಹೋಗಬೇಕು. ದಿನಾ ಬೆಳಿಗ್ಗೆ ಮಲಗಿದ್ದವಳ ಕೆನ್ನೆಗೆ ಸವರಿದೆ. ಸೊಸೆ ಪಿಯುಸಿ ಓದಿದವಳು. ಅವಳಿಗೆ ಇದು ಸರಿಬರುತ್ತಿರಲಿಲ್ಲ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ನಾನು ಆ ಕಡೆ ತಿರುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ಅದನ್ನು ನಾನು ಎರಡು ಸಲ ನೋಡಿದ್ದೆ. ಮರುದಿನ ಮತ್ತೆ ಸವರಿದೆ. ಏಳು ದಿನ ಹೋಗಿ ಹದಿನಾಲ್ಕಾಯಿತು. ಗಜಕರ್ಣ ಇನ್ನಷ್ಟು ಅಗಲವಾಯಿತು. ಕಡೆಗೆ ಸೊಸೆ ತಂದ ಮುಲಾಮಿಗೆ ಹೋಯಿತು.

ಅಷ್ಟರಲ್ಲಿ ನನಗೆ ಕೆಮ್ಮು ಹತ್ತಿತ್ತು. ನೂಲಿನ ದೂಳು ಎಂದುಕೊಂಡೆ. ತಿಂಗಳಾಯಿತು, ಎರಡಾಯಿತು. ಕುಪ್ಪಸ ಸಡಿಲಾಯಿತು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಸೊಸೆಯೇ ಆಟೋ ಕರೆಸಿ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಮುಚ್ಚಳವಿದ್ದ ಒಂದು ಸಣ್ಣ ಡಬ್ಬಿ ಕೊಟ್ಟರು. ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನುವ ಮೊದಲು ಇದರಲ್ಲಿ ತುಂಬಿಕೊಂಡು ಬರಬೇಕೆಂದರು. ಇನ್ನೂ ಏನೋ ವಿವರಿಸಿದರು. ನಾನು ಪೂರ್ತಿ ಕೇಳಲಿಲ್ಲ. ಬೆಳಗಿನ ಉಗುಳಿನ ವಿಷಯ ನನಗೆ ಇವರೇನು ಹೇಳುವುದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎದ್ದು, ಬಾಯಿ ಮುಕ್ಕಳಿಸದೆ, ಡಬ್ಬಿಯ ಅರ್ಧಕ್ಕೆ ಬರುವಷ್ಟು ಉಗುಳಿದೆ. ಕೆಮ್ಮು ಬಂದಾಗ ಸೆರಗಿಗೆ ಕೆಮ್ಮಿದೆ, ಒಳ್ಳೆಯ ಉಗುಳಿನಲ್ಲಿ ಕಫ ಬೆರೆಯಬಾರದೆಂದು. ದವಾಖಾನೆ ಮುಟ್ಟುವವರೆಗೂ ಬಾಯಿ ತೆರೆಯಲಿಲ್ಲ. ಸೊಸೆ ಏನೋ ಕೇಳಿದಳು, ತಲೆಯಾಡಿಸಿದೆ. ಪರೀಕ್ಷೆ ಮಾಡುವ ಹುಡುಗ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟ.

"ಆಯಿ, ಇದು ಬರೇ ಉಗುಳು. ಇದು ನಡಿಯಂಗಿಲ್ಲ."

"ಮುಂಜಾನಿದ ಐತಿ. ಯಾರ ಜೋಡಿನೂ ಮಾತಾಡಿಲ್ಲ ನಾ."

"ಮಾತಾಡಿದ್ರೂ ನಡೀತಿತ್ತು. ಎದಿಯಾಗಿಂದು ಕಫ ಬೇಕ್ರಿ. ಇದರಾಗ ಏನೂ ಇಲ್ಲ, ನೀರು."

ಸೊಸೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಕ್ಕಳೋ ಏನೋ. ಮೂವತ್ತು ವರ್ಷ ಓಣಿಯ ಕಣ್ಣಿಗೆಲ್ಲ ಹಚ್ಚಿದ್ದು ಪರೀಕ್ಷೆಗೂ ಸಲ್ಲಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಮೂರು ಸಲ ಉಸಿರು ಜಗ್ಗಿ ಕೆಮ್ಮಲು ಹೇಳಿದರು. ಆಗ ಬಂದದ್ದನ್ನು ತೆಗೆದುಕೊಂಡರು. ಅದರಲ್ಲಿ ಕ್ಷಯ ಸಿಕ್ಕಿತು.

ಡಾಕ್ಟರು ಹೆಣ್ಣುಮಗಳು, ವಯಸ್ಸು ಚಿಕ್ಕದು. ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ಪೂರ್ತಿ ಗುಣವಾಗುತ್ತದೆ ಎಂದರು. ಸೊಸೆ ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ಎದುರೇ, ನನ್ನ ಕಡೆ ನೋಡದೆ ಕೇಳಿದಳು:

"ಮೇಡಮ್ಮರ, ಇವರು ಹದಿನೈದು ದಿನ ನನ್ನ ಮಗಳ ಗಲ್ಲಕ್ಕ ಉಗುಳು ಹಚ್ಯಾರ್ರಿ. ಅಕಿಗೆ ಹತ್ತೇತೇನು ನೋಡ್ರಿ."

ನಾನು ಕಾಲ ಬೆರಳು ನೋಡುತ್ತ ಕೂತೆ. ಡಾಕ್ಟರು ಹೇಳಿದ್ದು ಬೇರೆಯೇ. ಚರ್ಮಕ್ಕೆ ಉಗುಳು ಹಚ್ಚಿದ್ದರಿಂದ ಈ ರೋಗ ಹತ್ತುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಬರುತ್ತದೆ, ಆ ಗಾಳಿಯನ್ನೇ ಉಸಿರಾಡಿದವರಿಗೆ ಹತ್ತುತ್ತದೆ. ಕೂಸು ಎಲ್ಲಿ ಆಡುತ್ತದೆ, ಅಲ್ಲಿ ಕಿಟಕಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ತೆರೆದಿರುತ್ತದೆಯೇ ಎಂದರು. ಇಲ್ಲ ಎಂದೆ. ಯಾಕೆ ಎಂದು ಕೇಳಿದ್ದರೆ ಎಳೆ ಹರಿಯುತ್ತದೆಂದು ಹೇಳಬೇಕಾಗಿತ್ತು. ಅವರು ಕೇಳಲಿಲ್ಲ.

ಕೂಸನ್ನು ಬಾಗಲಕೋಟೆಗೆ ಒಯ್ದು ಎದೆಯ ಫೋಟೋ ತೆಗೆಸಿದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಅವಳಪ್ಪ ಕರದಂಟು ಕೊಡಿಸಿದನಂತೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿ ಬಂದಳು. ರೋಗವಿಲ್ಲ ಎಂದು ಹೇಳಿದ್ದರು. ಆದರೆ ಮನೆಯಲ್ಲಿ ಕ್ಷಯ ಇರುವಾಗ ಐದು ವರ್ಷದೊಳಗಿನ ಮಕ್ಕಳಿಗೆ ಅದು ಯಾವಾಗ ಬೇಕಾದರೂ ಏಳಬಹುದು, ಎದ್ದರೆ ಮಿದುಳಿಗೂ ಹೋಗಬಹುದು. ಅದಕ್ಕಾಗಿ ಆರು ತಿಂಗಳು ದಿನಾ ಮಾತ್ರೆ ನುಂಗಿಸಬೇಕು, ಒಂದು ದಿನವೂ ಬಿಡಬಾರದು. ಸೊಸೆ ಇದನ್ನು ನನಗೆ ಹೇಳಲಿಲ್ಲ. ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಹೇಳಿ ಹೋದಳು.

ನನ್ನ ಹಾಸಿಗೆ ಮಗ್ಗದ ಕೋಣೆಗೆ ಬಂತು. ಕಿಟಕಿ ತೆರೆದೆ. ಕೂಸು ಒಳಮನೆಯಲ್ಲಿ. ನಡುವೆ ಒಂದು ಗೋಡೆ. ಬೆಳಿಗ್ಗೆ ಬಾಗಿಲಿಗೆ ಬರುವವರು ಬರುವುದನ್ನು ನಿಲ್ಲಿಸಿದರು. ಎದುರು ಮನೆಯವಳು ಮಾತ್ರ ಒಂದು ದಿನ ಕಟ್ಟೆಯಾಚೆ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮಾತಾಡಿಸಿದಳು. ಕೊರೋನಾ ಕಾಲದಲ್ಲಿ ಅವಳೇ ಮೂಗು ಬಾಯಿ ಎಲ್ಲ ಮುಚ್ಚಿ, ಕುರು ಎದ್ದ ಕಣ್ಣು ಒಂದನ್ನೇ ತೆರೆದುಕೊಂಡು ನನ್ನ ಉಗುಳಿಗೆ ಬಂದಿದ್ದಳು.

"ಯಕ್ಕಾ, ಹ್ವಾದ ವರ್ಷ ನನ್ನ ಕಣ್ಣಿಗೆ ಹಚ್ಚಿದ್ದಿ ಅಲ್ಲ. ನನಗೇನಾರ ಆಗತೈತೇನು?"

"ಆಗೂದಿದ್ರ ಇಷ್ಟೊತ್ತಿಗೆ ಆಗಿರ್ತಿತ್ತು. ಆಗ ವಾಸಿ ಆಗಿತ್ತಿಲ್ಲೊ?"

"ಆಗಿತ್ತು."

"ಮತ್ತ ಹೋಗು. ಎರಡೆರಡ ಮಾತಾಡಬ್ಯಾಡ."

ಅವಳು ಹೋದಳು. ಅವಳ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ.

ಗೋಡೆಯಾಚೆಯಿಂದ ದಿನಾ ಬೆಳಿಗ್ಗೆ ಒಂದೇ ಸದ್ದು. ಸೊಸೆ ಮಾತ್ರೆಯನ್ನು ಅರೆದು ನೀರಿನಲ್ಲಿ ಕಲಸಿ ಕುಡಿಸುವುದು, ಕೂಸು ಥೂ ಎಂದು ಉಗುಳುವುದು. ಮಗ್ಗದ ಹತ್ತಿರ ಕೂತು ಕೂತು ಉಗುಳುವುದನ್ನು ಚೆನ್ನಾಗಿ ಕಲಿತಿದ್ದಳು, ನಾನು ಬಾಯಿಗೆ ಸಿಕ್ಕ ನೂಲಿನ ಚೂರನ್ನು ಥೂ ಎಂದು ಉಗುಳುವುದನ್ನು ನೋಡಿ. ಸೊಸೆ ಬೆಲ್ಲ ಹಾಕಿ ನೋಡಿದಳು, ಬಾಳೆಹಣ್ಣಿನಲ್ಲಿ ಇಟ್ಟು ನೋಡಿದಳು, ಮೂಗು ಹಿಡಿದು ನೋಡಿದಳು. ಹಣ್ಣು ಹೋಗುತ್ತಿತ್ತು, ಮಾತ್ರೆ ಹೊರಗೆ ಬರುತ್ತಿತ್ತು. ಉಗುಳಿದ್ದರಲ್ಲಿ ಎಷ್ಟು ಹೊಟ್ಟೆಗೆ ಹೋಗಿದೆ ಎಂದು ಯಾರಿಗೆ ಗೊತ್ತು. ಆಶಾ ಕಾರ್ಯಕರ್ತೆ, ಹೀಗಾದರೆ ಮಾತ್ರೆ ಕೊಟ್ಟೂ ಕೊಡದ ಹಾಗೆ, ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎಂದಳು. ಆ ಮಾತು ನನಗೂ ಕೇಳಿಸಿತು.

ಮೂರು ವಾರ ಕಳೆದ ಮೇಲೆ ಡಾಕ್ಟರು ನನ್ನನ್ನು ನೋಡಿ, ಈಗ ನಿಮ್ಮಿಂದ ಭಯ ಕಡಿಮೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಯಲಿನಲ್ಲಿ ಕೂಸಿನ ಹತ್ತಿರ ಕೂಡಬಹುದು ಎಂದರು. ಸೊಸೆಯೂ ಅಲ್ಲೇ ಇದ್ದಳು. ಮನೆಗೆ ಬಂದು ಒಂದು ವಾರ ಅವಳು ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅವಳ ಮಗಳು, ಅವಳ ಮರ್ಜಿ.

ಒಂದು ಬೆಳಿಗ್ಗೆ ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಆ ದಿನದ ನನ್ನ ಮಾತ್ರೆಗಳನ್ನು ಹಿಡಿದು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದೆ. ಅವಳು ಕೂಸನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂರಿಸಿದಳು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ. ಕಣ್ಣು ಕೆಂಪಗಿದ್ದವು.

"ಅತ್ತಿ, ನೀವ ನುಂಗಸ್ರಿ. ನನ್ನ ಕೈಲೆ ಆಗವಲ್ದು."

ನಾನು ಮಾತ್ರೆ ತೆಗೆದುಕೊಂಡೆ. ಅರೆಯಲಿಲ್ಲ, ಅಂಗೈ ಮೇಲೆ ಇಟ್ಟುಕೊಂಡೆ, ನನ್ನ ಮಾತ್ರೆಗಳ ಪಕ್ಕ. ನನ್ನವು ದೊಡ್ಡವು, ಅವಳದು ಅರ್ಧ ಚೂರು. ಕೂಸು ಎಲ್ಲವನ್ನೂ ನೋಡಿತು. ನಾನು ಮುಖ ಆಚೆ ತಿರುಗಿಸಿ ಬಟ್ಟೆ ಸರಿಸಿ ನನ್ನದೊಂದನ್ನು ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ಮುಚ್ಚಿಕೊಂಡು ಹೋಗಿ ಮೂರು ಮಾರು ದೂರ ಕೂತು ಬಟ್ಟೆ ಇಳಿಸಿ ನಾಲಿಗೆ ಹೊರಗೆ ಚಾಚಿ ತೋರಿಸಿದೆ. ಮಾತ್ರೆ ಇರಲಿಲ್ಲ. ಕೂಸು ಕಟ್ಟೆಯಿಂದ ಮುಂದಕ್ಕೆ ಬಗ್ಗಿ ನೋಡಿತು. ಎರಡನೆಯದನ್ನೂ ಹಾಗೆಯೇ ಮಾಡಿದೆ.

"ಇನ್ನ ನೀ ತೋರ್ಸು. ನಿನ್ನ ಕೈಲೆ ಆಗಂಗಿಲ್ಲ ತೊಗೊ, ನೀ ಸಣ್ಣಾಕಿ."

ಅವಳು ನನ್ನ ಅಂಗೈಯ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಕೂಸಿನ ಮುಖ ಕಹಿಗೆ ಹಿಂಡಿಕೊಂಡಿತು, ಥೂ ಎನ್ನಲು ತುಟಿ ಚೂಪಾದವು. ನಾನು ಬೇರೆ ಕಡೆ ನೋಡಿದೆ. ಒತ್ತಾಯ ಮಾಡಿದರೆ ಉಗುಳುತ್ತಾಳೆ ಎಂದು ಗೊತ್ತಿತ್ತು, ನಾನೂ ಅಂಥವಳೇ. ಸ್ವಲ್ಪ ಹೊತ್ತಿಗೆ "ಆಯಿ" ಎಂದಳು. ತಿರುಗಿ ನೋಡಿದರೆ ನಾಲಿಗೆ ಗದ್ದದವರೆಗೂ ಚಾಚಿತ್ತು. ಖಾಲಿ. ಸೊಸೆ ಬಂದು ನಾಲಿಗೆಯ ಕೆಳಗೂ ಬೆರಳಾಡಿಸಿ ನೋಡಿದಳು. ಅಲ್ಲಿಯೂ ಇರಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಳು.

ಅಂದಿನಿಂದ ಅದು ದಿನದ ಕೆಲಸವಾಯಿತು. ಎರಡು ದಿನ ಉಗುಳಿದಳು, ಇಲ್ಲವೆನ್ನುವುದಿಲ್ಲ. ಉಗುಳಿದ ದಿನ ನಾನು ಇನ್ನೊಂದು ಚೂರು ತರಿಸಿ, ಆಟ ಮೊದಲಿನಿಂದ ಹೂಡಿದೆ. ಉಳಿದ ದಿನಗಳಲ್ಲಿ ಇಬ್ಬರೂ ನುಂಗಿದೆವು. ನನ್ನ ಉಚ್ಚೆ ಮಾತ್ರೆಯಿಂದ ಕೇಸರಿ ಬಣ್ಣಕ್ಕೆ ತಿರುಗಿತ್ತು, ಅದನ್ನೂ ತೋರಿಸು ಎಂದಳು. ಅದನ್ನು ತೋರಿಸಲಿಲ್ಲ.

ಮಗ್ಗದ ಪಕ್ಕ ಈಗ ಒಂದು ನೀರಿನ ಬಟ್ಟಲು ಇದೆ. ಸೊಸೆ ಇಟ್ಟದ್ದು. ನೀರು ಹಚ್ಚಿ ಹೊಸೆದ ಎಳೆ ಉಗುಳು ಹಚ್ಚಿದಷ್ಟು ಕೂಡುವುದಿಲ್ಲ, ಅದು ನಿಜ. ಮರೆತು ಬೆರಳು ಬಾಯಿಗೆ ಹೋಗುತ್ತದೆ. ಅವಳು ನೋಡಿದರೆ ಬಟ್ಟಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸುತ್ತಾಳೆ.

ಆರು ತಿಂಗಳು ಮುಗಿದಾಗ ಮತ್ತೆ ಡಬ್ಬಿ ಕೊಟ್ಟರು. ಬೇವಿನ ಗಿಡದ ಕೆಳಗೆ ನಿಂತು ಎಷ್ಟು ಉಸಿರು ಜಗ್ಗಿ ಕೆಮ್ಮಿದರೂ ಕಫ ಬರಲಿಲ್ಲ. ಬಂದಷ್ಟು ಉಗುಳನ್ನು ಒಯ್ದು ಕೊಟ್ಟೆ, ಹಿಂದಕ್ಕೆ ಕೊಡುತ್ತಾನೆಂದು ಗೊತ್ತಿದ್ದೂ. ಹುಡುಗ ಬೆಳಕಿಗೆ ಹಿಡಿದು ನೋಡಿದ.

"ಬರೇ ಉಗುಳ ಐತ್ರಿ ಆಯಿ ಇದು. ಕಫ ಇಲ್ಲ, ಈ ಸಲ ಛಲೋ ಆತು."

ಎದೆಯ ಫೋಟೋ ತೆಗೆಸಿದರು, ಸ್ವಚ್ಛ ಎಂದರು. ಕೂಸನ್ನೂ ತೂಕ ಮಾಡಿ ನೋಡಿದರು. ಎರಡು ಕಿಲೋ ಹೆಚ್ಚಾಗಿದ್ದಳು. ಇನ್ನು ಅವಳಿಗೆ ಮಾತ್ರೆ ಬೇಡ ಎಂದರು.

ಮರುವಾರ ಎದುರು ಮನೆಯವಳು ಬೆಳಿಗ್ಗೆ ಬಾಗಿಲು ಬಡಿದಳು, ಎಡಗಣ್ಣು ಬಾತುಕೊಂಡಿತ್ತು. ಮಾತಾಡದೆ ಮುಖ ಚಾಚಿ ನಿಂತಳು. ನಾನೇ ಮೊದಲು ಬಾಯಿ ತೆರೆದೆ. ಬಿಸಿ ನೀರಿನಲ್ಲಿ ಬಟ್ಟೆ ಅದ್ದಿ ದಿನಾ ಒತ್ತಿಕೊ, ಕಡಿಮೆಯಾಗದಿದ್ದರೆ ದವಾಖಾನೆಗೆ ಹೋಗು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಯಕ್ಕ ದೊಡ್ಡ ಮನುಷ್ಯಳಾದಳು, ಈಗ ನಮಗೆ ಉಗುಳು ಕೂಡ ಕೊಡುವುದಿಲ್ಲ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ಹೇಳಿಕೊಳ್ಳಲಿ. ಕುರು ಏಳು ದಿನಕ್ಕೆ ಒಡೆಯಿತು.

ಅವಳು ಹೋದ ಮೇಲೆ ನಾನು ಕಟ್ಟೆಯ ಮೇಲೆ ಕೂತೆ. ಮೊಮ್ಮಗಳು ನಿದ್ದೆಗಣ್ಣಿನಲ್ಲಿ ಬಂದು ಎದುರು ನಿಂತು ನಾಲಿಗೆ ಚಾಚಿದಳು. ಮಾತ್ರೆ ಮುಗಿದಾವು, ಇನ್ನ ಇಲ್ಲ ಎಂದೆ. ಅವಳು ಕದಲಲಿಲ್ಲ. ನಾನೂ ನಾಲಿಗೆ ಚಾಚಿದೆ. ಹತ್ತಿರ ಬಂದು ಮೇಲೆ ನೋಡಿ, ಬೆರಳಿನಿಂದ ಎತ್ತಿ ಕೆಳಗೂ ನೋಡಿದಳು. ಆಮೇಲೆ ಬೆರಳನ್ನು ನನ್ನ ಸೆರಗಿಗೆ ಒರೆಸಿ ಅವ್ವನ ಹತ್ತಿರ ಚಹಾ ಕೇಳಲು ಒಳಗೆ ಹೋದಳು.