ಸಾಕರಪುಡಾದ ಚಹಾ

ಆಗ ದಾಂಡೇಲಿಯ ನಮ್ಮ ಮಿಲ್ಲಿನ ಕಾಲನಿಯಲ್ಲಿ ಓದಲು ಹೊರದೇಶಕ್ಕೆ ಹೋಗುವುದೆಂದರೆ ಇಂಗ್ಲೆಂಡಿಗೆ ಹೋಗುವುದು. ಹೋದವರು ಓದು ಮುಗಿದೊಡನೆ ಉಣ್ಣೆಯ ಕೋಟು ತೊಟ್ಟು ತಿರುಗಿ ಬರುತ್ತಿದ್ದರು. ಇಲ್ಲಿಯ ಸೆಖೆಯಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಆಮೇಲೆ ಗಾಳಿ ತಿರುಗಿತು. ಹುಡುಗರೆಲ್ಲ ಅಮೆರಿಕಾ ಅನ್ನತೊಡಗಿದರು, ಒಬ್ಬಿಬ್ಬರು ಕೆನಡಾ ಅಂದರು. ಹೋದವರು ಮಾತ್ರ ಬೇಗ ಬರಲಿಲ್ಲ.

ಅಕ್ಕನಿಗೆ ನೋಡಿದ್ದ ಹಳಿಯಾಳದ ಹುಡುಗನೂ ಹಾಗೇ ಮಾಡಿದ. ಮೊದಲು ಇಂಗ್ಲೆಂಡ್ ಎಂದು ಮಾತಾಗಿತ್ತು. ಅವನ ತಂದೆ ಸಾಕರಪುಡಾ ಹಿಡಿದು ಬಂದ ದಿನ ಅಮೆರಿಕಾ ಎಂದರು. ಗಂಡಿನವರು ತರುವ ಆ ಸಕ್ಕರೆಯ ಪೊಟ್ಟಣ ಬಿಚ್ಚಿ ಎರಡೂ ಕಡೆಯವರು ಬಾಯಿ ಸಿಹಿ ಮಾಡಿಕೊಂಡರೆ ಸಂಬಂಧ ಗಟ್ಟಿ. ಬೇಡವಾದರೆ ದಾರ ಬಿಚ್ಚದೆ ಹಿಂದೆ ಕೊಡಬೇಕು. ಅಜ್ಜ ಅದನ್ನು ಒಳಗೆ ದೇವರ ಮುಂದೆ ಇಡಿಸಿ ಜಗಳಕ್ಕೆ ಕೂತ.

“ಇಂಗ್ಲೆಂಡಿಗೆ ಹೋದಾವ ತಿರುಗಿ ಬರ್ತಾನ. ಅಮೆರಿಕಾಕ್ಕ ಹೋದಾವ ಮೋಟಾರಿಗೆ ಒರಗಿ ನಿಂತ ಫೋಟೋ ಕಳಸ್ತಾನ. ನನ್ನ ಮೊಮ್ಮಗಳು ಆ ಫೋಟೋದ ಜೋಡಿ ಸಂಸಾರ ಮಾಡ್ಬೇಕೇನ್ರಿ?”

“ಇಂಗ್ಲೆಂಡಿನವರು ದೇಶ ಬಿಟ್ಟು ಹೋದ್ರೂ ನಿಮಗ ಅವರ ಮ್ಯಾಲಿನ ಪ್ರೀತಿ ಹೋಗಿಲ್ಲ ನೋಡ್ರಿ,” ಎಂದರು ಹುಡುಗನ ತಂದೆ. “ಅಮೆರಿಕಾದ ಕಾಲೇಜಿನವರು ಕಲಿಸಿ, ಮ್ಯಾಲ ಪಗಾರನೂ ಕೊಡ್ತಾರ.”

“ಆಳು ಇಟ್ಕೊಂಡಂಗಾತು!”

“ನಾಲಿಗಿ ಬಿಗಿ ಹಿಡೀರಿ!”

“ಮನಿ ನಂದು, ನಾಲಿಗಿ ನಂದು!”

ಅಡುಗೆಮನೆಯಲ್ಲಿ ಅಕ್ಕನ ಮುಖ ಬಿಳುಪೇರಿತ್ತು. ಆ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಆದರೆ ಅವಳನ್ನು ಕೇಳುವವರು ಯಾರು? ಅವ್ವ ಮಾತ್ರ, “ಜಗಳಾಡಿದ್ರೂ ಚಾ ಕುಡಿಸದ ಕಳಸಬಾರದವ್ವಾ,” ಎಂದು ಸೌದೆ ತರಲು ಹಿತ್ತಲಿಗೆ ಹೋದಳು. ರೇಷನ್ ಸಕ್ಕರೆ ಮುಗಿದಿತ್ತು. ಬೆಲ್ಲದ ಚಹಾ ಕೊಟ್ಟರೆ ಹಳಿಯಾಳದವರು ಊರೆಲ್ಲ ಆಡಿಕೊಳ್ಳುತ್ತಿದ್ದರು. ಅಕ್ಕ ಸರಸರ ದೇವರ ಮನೆಗೆ ಹೋಗಿ ಬಂದು, ಪೊಟ್ಟಣದ ದಾರ ಕಿತ್ತು, ಸಕ್ಕರೆಯನ್ನೆಲ್ಲ ಪಾತ್ರೆಗೆ ಸುರಿದಳು.

“ಅಕ್ಕಾ, ಅದು ಸಾಕರಪುಡಾ!” ಎಂದೆ.

“ಸುಮ್ನ ಚಾ ಸೋಸು.”

ಹೊರಗೆ ಇಬ್ಬರೂ ಬೈದಾಡುತ್ತಲೇ ಕಪ್ಪು ಬರಿದು ಮಾಡಿದರು. ಅಜ್ಜ ಮೀಸೆ ಒರೆಸಿಕೊಂಡ. “ಆ ಪುಡಾ ತಾರವ್ವಾ. ಬಂದ ದಾರಿಲೇ ಹೋಗ್ಲಿ ಇವರು.”

ಅಕ್ಕ ಖಾಲಿ ಕಾಗದ ತಂದು ಮುಂದಿಟ್ಟಳು.

“ಸಕ್ಕರಿ ಎಲ್ಲೈತಿ?”

“ನಿಮ್ಮ ಹೊಟ್ಯಾಗ ಐತ್ರಿ ಅಜ್ಜಾ. ಅವರ ಹೊಟ್ಯಾಗೂ ಐತಿ.”

ಹುಡುಗನ ತಂದೆಗೆ ನಗು ಬಂತು.

“ನಗಬ್ಯಾಡ್ರಿ!” ಅಜ್ಜ ಗುಡುಗಿದ. “ಇಕಿನ್ನ ಇಲ್ಲಿ ಬಿಟ್ಟು ಅಂವ ಒಬ್ಬನೇ ಹಡಗ ಹತ್ತಿದ್ರ ನಿಮ್ಮ ಮನಿ ಮುಂದ ಬಂದು ಕೂಡ್ತೇನಿ. ಇಬ್ರೂ ಕೂಡೇ ಹೋಗ್ಬೇಕು.”

“ಹೂಂನ್ರಿ.”

“ಹೂಂ ಅಂದ್ರ ಆತೇನು? ಪಂಚಾಂಗ ತಗೀರಿ!”